ಗರ್ಭಕೋಶದ ಬಾಯಿಯಿಂದ ರಕ್ತ: ಎಕ್ಟ್ರೋಪಿಯನ್ ಚಿಕಿತ್ಸೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲೈಂಗಿಕವಾಗಿ ಸೇರಿದ ಮೇಲೆ ರಕ್ತ ಕಾಣಿಸಿಕೊಂಡಿದೆ. ಇಲ್ಲವೇ ಎರಡು ಮುಟ್ಟಿನ ನಡುವೆ ಬಟ್ಟೆ ಮೇಲೆ ಕಲೆ ಆಗುತ್ತಿದೆ. ಡಾಕ್ಟರ್ ನೋಡಿ "ಎಕ್ಟ್ರೋಪಿಯನ್ ಇದೆ, ಭಯ ಬೇಡ" ಅಂದಿದ್ದಾರೆ. ಭಯ ಬೇಡ ಅಂದ ಕೂಡಲೇ ಭಯ ಹೋಗಿಬಿಡುತ್ತಾ? ಮನೆಗೆ ಬಂದ ಮೇಲೆ ಹುಟ್ಟುವ ಪ್ರಶ್ನೆಗಳೇ ಬೇರೆ. ಅವುಗಳಿಗೆ ಇಲ್ಲಿ ಉತ್ತರ ಇದೆ. ಇನ್ನೂ ಯಾರಿಗೂ ತೋರಿಸಿಲ್ಲ ಅನ್ನುವವರೂ ಓದಬಹುದು. ನಿಜ ಹೇಳಬೇಕೆಂದರೆ ಅವರು ಓದುವುದೇ ಹೆಚ್ಚು ಮುಖ್ಯ.

ಎಕ್ಟ್ರೋಪಿಯನ್ ಅಂದರೆ ಏನು?

ಗರ್ಭಕೋಶದ ಕೆಳತುದಿ ಯೋನಿಯೊಳಗೆ ಚಾಚಿಕೊಂಡಿರುತ್ತದೆ. ಅದೇ ಗರ್ಭಕೋಶದ ಬಾಯಿ, ಡಾಕ್ಟರ್‌ಗಳ ಮಾತಿನಲ್ಲಿ ಸರ್ವಿಕ್ಸ್. ಅದರ ಹೊರಮೈ ಮೇಲಿನ ಜೀವಕೋಶಗಳು ಪದರದ ಮೇಲೆ ಪದರವಾಗಿ ಗಟ್ಟಿಯಾಗಿರುತ್ತವೆ. ಒಳಗಿನ ಕಾಲುವೆಯಲ್ಲಿ ಇರುವ ಕೋಶಗಳದು ಒಂದೇ ಪದರ, ತೀರ ನಾಜೂಕು. ಲೋಳೆ ಸುರಿಸುವುದು ಅವುಗಳ ಕೆಲಸ. ಈ ಒಳಗಿನ ಪದರ ಹೊರಮೈಗೆ ಬಂದು ಕಾಣಿಸಿಕೊಂಡರೆ ಅದೇ ಎಕ್ಟ್ರೋಪಿಯನ್. ತುಟಿಯ ಒಳಭಾಗ ಒಂಚೂರು ಹೊರಕ್ಕೆ ಮಗುಚಿಕೊಂಡ ಹಾಗೆ ಅಂದುಕೊಳ್ಳಿ.

ಪದರ ತೆಳ್ಳಗಿರುವುದರಿಂದ ಅಡಿಯ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ. ಆ ಜಾಗ ಕೆಂಪಗೆ ಕಾಣುವುದು ಅದಕ್ಕೇ. ಏನಾದರೂ ತಾಗಿದರೆ ರಕ್ತ ಜಿನುಗುವುದೂ ಅದಕ್ಕೇ. ಲೋಳೆ ಸುರಿಸುವ ಕೋಶಗಳು ಹೊರಗೇ ಇರುವುದರಿಂದ ಬಿಳಿ ಅಥವಾ ನೀರಿನಂಥ ಡಿಸ್ಚಾರ್ಜ್ ಕೂಡ ಜಾಸ್ತಿ ಆಗಬಹುದು. ಎಷ್ಟೋ ಹೆಂಗಸರಿಗೆ ಇವು ಯಾವುದೂ ಇರುವುದಿಲ್ಲ. ಬೇರೆ ಯಾವುದಕ್ಕೋ ಪರೀಕ್ಷೆ ಮಾಡುವಾಗ ಸುಮ್ನೆ ಕಣ್ಣಿಗೆ ಬೀಳುತ್ತದೆ, ಅಷ್ಟೇ.

ರಿಪೋರ್ಟಿನಲ್ಲಿ "ಎರೋಷನ್" ಅಂತ ಇದೆ. ಒಳಗೆ ಹುಣ್ಣಾಗಿದೆಯಾ?

ಇಲ್ಲ. ಅದು ಇದಕ್ಕೇ ಇದ್ದ ಹಳೆಯ ಹೆಸರು. ಹಿಂದೆ ಬರಿಗಣ್ಣಿಗೆ ಕೆಂಪಗೆ ಕಂಡಿದ್ದನ್ನು ಚರ್ಮ ಕಿತ್ತುಹೋದ ಗಾಯ ಅಂದುಕೊಂಡಿದ್ದರು. ಅಲ್ಲಿ ಏನೂ ಕಿತ್ತುಹೋಗಿಲ್ಲ, ಕೊಳೆತಿಲ್ಲ. ಈಗಲೂ ಕೆಲವರು "ಗರ್ಭಕೋಶದ ಬಾಯಲ್ಲಿ ಹುಣ್ಣು" ಅಂತಲೇ ಹೇಳಿ ಕಳಿಸುತ್ತಾರೆ. ಅದನ್ನು ಕೇಳಿಸಿಕೊಂಡವರು ತಿಂಗಳುಗಟ್ಟಲೆ ನಿದ್ದೆಗೆಡುತ್ತಾರೆ.

ಇದು ಯಾಕೆ ಬರುತ್ತದೆ? ನಾನೇನಾದರೂ ತಪ್ಪು ಮಾಡಿದೆನಾ?

ತಪ್ಪಿನ ಮಾತೇ ಇಲ್ಲ. ಈಸ್ಟ್ರೋಜನ್ ಹಾರ್ಮೋನ್ ಏರಿದಾಗ ಸರ್ವಿಕ್ಸ್ ಸ್ವಲ್ಪ ಉಬ್ಬಿ ಒಳಪದರ ಹೊರಬರುತ್ತದೆ. ಹದಿಹರೆಯದಲ್ಲಿ, ಬಸಿರಿನಲ್ಲಿ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ ಇದು ಜಾಸ್ತಿ. ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ. ಸ್ವಚ್ಛತೆಗೂ ಇದಕ್ಕೂ ಸಂಬಂಧವಿಲ್ಲ, ಎಷ್ಟು ಸಲ ಸೇರಿದಿರಿ ಅನ್ನುವುದಕ್ಕೂ ಇಲ್ಲ.

ಸೇರಿದ ಮೇಲೆ ರಕ್ತ ಬಂದರೆ ಇದೇ ಅಂತ ಅಂದುಕೊಂಡು ಸುಮ್ಮನಿರಬಹುದಾ?

ಬೇಡ. ಈ ಒಂದು ಉತ್ತರ ನೆನಪಿಟ್ಟುಕೊಂಡರೆ ಉಳಿದದ್ದನ್ನು ಮರೆತರೂ ನಡೆಯುತ್ತದೆ. ಎಕ್ಟ್ರೋಪಿಯನ್‌ನಿಂದ ಅಪಾಯವಿಲ್ಲ, ಆದರೆ ಅದು ಎಕ್ಟ್ರೋಪಿಯನ್ನೇ ಹೌದಾ ಅಂತ ಕಣ್ಣಾರೆ ನೋಡಿದ ಮೇಲೆ ಮಾತ್ರ ಹೇಳಲು ಸಾಧ್ಯ.

ಕಾರಣ ಸರಳ. ಕ್ಲಮಿಡಿಯಾ, ಗೊನೊರಿಯಾದಂಥ, ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕಿನಲ್ಲೂ ಹೀಗೇ ರಕ್ತ ಬರುತ್ತದೆ. ಸರ್ವಿಕ್ಸ್‌ನಲ್ಲಿ ಪಾಲಿಪ್, ಅಂದರೆ ಮೆತ್ತನೆಯ ಸಣ್ಣ ಗಡ್ಡೆ ಇದ್ದರೂ ಬರುತ್ತದೆ. ಯೋನಿ ಒಣಗಿದ್ದರೂ, ಗರ್ಭನಿರೋಧಕ ಮಾತ್ರೆ ಹೊಸದಾಗಿ ಶುರು ಮಾಡಿದ್ದರೂ, ಗರ್ಭಕೋಶದ ಒಳಪದರದ ತೊಂದರೆಯಿಂದಲೂ ಬರಬಹುದು. ಗೊತ್ತಿಲ್ಲದೆ ಬಸಿರು ನಿಂತಿರಬಹುದು. ಅಪರೂಪಕ್ಕೆ ಸರ್ವಿಕ್ಸ್ ಕ್ಯಾನ್ಸರ್ ಕೂಡ ಮೊದಲು ಕಾಣಿಸಿಕೊಳ್ಳುವುದು ಇದೇ ರೀತಿ. ಹೀಗೆ ರಕ್ತ ಬಂದವರಲ್ಲಿ ಬಹುಪಾಲು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಆ ಬಹುಪಾಲಿನಲ್ಲಿ ನೀವಿದ್ದೀರಾ ಅಂತ ಮನೆಯಲ್ಲಿ ಕೂತು ತಿಳಿಯಲಾಗದು.

ಎಷ್ಟು ಬೇಗ ಹೋಗಬೇಕು?

ಒಂದು ಸಲ ನಾಲ್ಕು ಹನಿ ಬಂದು ನಿಂತಿದ್ದರೆ ಮಧ್ಯರಾತ್ರಿ ಓಡಬೇಕಿಲ್ಲ. ಕೆಲವು ದಿನಗಳೊಳಗೆ ಸ್ತ್ರೀರೋಗ ತಜ್ಞರ ಅಪಾಯಿಂಟ್‌ಮೆಂಟ್ ತಗೊಳ್ಳಿ. ಮತ್ತೆ ಮತ್ತೆ ಬರುತ್ತಿದ್ದರೆ ಮುಂದೂಡಲೇಬೇಡಿ.

ಕೂಡಲೇ ಹೋಗಬೇಕಾದ ಸಂದರ್ಭಗಳೂ ಇವೆ. ಒಂದು ಗಂಟೆಗೇ ಒಂದು ಪ್ಯಾಡ್ ಪೂರ್ತಿ ನೆನೆಯುತ್ತಿದೆ, ಅದು ಎರಡು ಗಂಟೆಯಾದರೂ ಮುಂದುವರಿದಿದೆ. ತಲೆ ಸುತ್ತುತ್ತಿದೆ, ಕಣ್ಣು ಕತ್ತಲೆ ಬರುತ್ತಿದೆ. ಬಸಿರಿ, ಅಥವಾ ಬಸಿರಾಗಿರುವ ಅನುಮಾನವಿದೆ. ಕೆಳಹೊಟ್ಟೆ ನೋವಿನ ಜೊತೆ ಜ್ವರ ಇದೆ. ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ತೋರಿಸಿ.

ಹೋಗುವ ಮುಂಚೆ ಏನು ಸಿದ್ಧ ಮಾಡಿಕೊಳ್ಳಲಿ?

ಹಿಂದಿನ ಮುಟ್ಟು ಶುರುವಾದ ತಾರೀಕು, ರಕ್ತ ಕಂಡ ದಿನಗಳು, ಅದು ಸೇರಿದ ಮೇಲೆ ಬಂತಾ ತಾನಾಗಿ ಬಂತಾ, ಯಾವ ಮಾತ್ರೆ ತಗೊಳ್ತಿದ್ದೀರಿ, ಹಿಂದಿನ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ (ಸರ್ವಿಕ್ಸ್ ಕ್ಯಾನ್ಸರ್‌ನ ಸುಳಿವನ್ನು ಮೊದಲೇ ಹುಡುಕುವ ಪರೀಕ್ಷೆಗಳು) ಯಾವಾಗ ಆಗಿತ್ತು. ಇಷ್ಟನ್ನು ಫೋನಿನಲ್ಲೇ ಬರೆದಿಟ್ಟುಕೊಳ್ಳಿ. ಡಾಕ್ಟರ್ ಎದುರು ಕೂತಾಗ ತಾರೀಕುಗಳೇ ಮೊದಲು ಮರೆತುಹೋಗುವುದು.

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಅದನ್ನು ಹೇಳಲೇಬೇಕು. ಪರೀಕ್ಷೆಗೆ ಎರಡು ದಿನ ಮೊದಲಿನಿಂದ ಯೋನಿಯೊಳಗೆ ಕ್ರೀಮ್, ಮಾತ್ರೆ ಇಡಬೇಡಿ, ತೊಳೆಯುವ ದ್ರವವೂ ಬೇಡ. ಮುಟ್ಟು ಜೋರಾಗಿರುವ ದಿನ ಬಿಟ್ಟು ಹೋದರೆ ಒಳ್ಳೆಯದು. ಆದರೆ ರಕ್ತ ನಿಲ್ಲುವುದೇ ಇಲ್ಲ ಅನ್ನುವವರು "ನಿಂತ ಮೇಲೆ ಹೋಗೋಣ" ಅಂತ ಕಾಯುತ್ತಾ ಕೂರಬಾರದು.

ಪರೀಕ್ಷೆಯಲ್ಲಿ ಏನು ಮಾಡುತ್ತಾರೆ? ನೋವಾಗುತ್ತಾ?

ಸ್ಪೆಕ್ಯುಲಮ್ ಅನ್ನುವ ಸಲಕರಣೆ ಇಟ್ಟು ಯೋನಿಯನ್ನು ಸ್ವಲ್ಪ ಅಗಲಿಸಿ ಸರ್ವಿಕ್ಸ್ ನೋಡುತ್ತಾರೆ. ಒತ್ತಿದ ಹಾಗೆ, ಬಿಗಿದ ಹಾಗೆ ಅನ್ನಿಸುತ್ತದೆ. ಎಷ್ಟು ಸಡಿಲವಾಗಿ ಮಲಗುತ್ತೀರೋ ಅಷ್ಟು ಸುಲಭ. ನೋವಾದರೆ "ಸ್ವಲ್ಪ ನಿಲ್ಲಿಸಿ" ಅನ್ನಿ. ಚಿಕ್ಕ ಅಳತೆಯ ಸ್ಪೆಕ್ಯುಲಮ್ ಕೇಳಿ ಪಡೆಯಬಹುದು. ಜೊತೆಗೆ ಒಬ್ಬ ಹೆಂಗಸು ಇರಲಿ ಅಂತ ಕೇಳುವುದೂ ನಿಮ್ಮ ಹಕ್ಕು. ಇದಕ್ಕೆಲ್ಲಾ ಸಂಕೋಚ ಪಡಬೇಡಿ.

ಅದೇ ಹೊತ್ತಿನಲ್ಲಿ ಸೋಂಕಿನ ಪರೀಕ್ಷೆಗೆ ಹತ್ತಿಯ ಕಡ್ಡಿಯಿಂದ ಸ್ವಾಬ್ ತಗೊಳ್ಳುತ್ತಾರೆ. ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆಯ ಸಮಯ ಬಂದಿದ್ದರೆ ಅದಕ್ಕೂ ಸ್ಯಾಂಪಲ್ ತಗೊಳ್ಳುತ್ತಾರೆ. ಬಸಿರಿನ ಪರೀಕ್ಷೆ ಮಾಡಿಸಬಹುದು. ಎಕ್ಟ್ರೋಪಿಯನ್ ಇದ್ದವರಿಗೆ ಸ್ಯಾಂಪಲ್ ತೆಗೆದ ಕಡ್ಡಿಗೇ ರಕ್ತ ಅಂಟುವುದುಂಟು. ಆಮೇಲೆ ಒಂದೆರಡು ದಿನ ಕಲೆಯಾದರೂ ಗಾಬರಿ ಬೇಡ.

ಡಾಕ್ಟರ್‌ಗೆ ಏನಾದರೂ ಅನುಮಾನ ಬಂದರೆ ಕಾಲ್ಪೊಸ್ಕೋಪಿ ಹೇಳುತ್ತಾರೆ. ಭೂತಗನ್ನಡಿಯಂಥ ಯಂತ್ರದಿಂದ ಸರ್ವಿಕ್ಸ್ ಅನ್ನು ದೊಡ್ಡದಾಗಿ ನೋಡುವ ಪರೀಕ್ಷೆ ಇದು. ಯಂತ್ರ ಹೊರಗೇ ಇರುತ್ತದೆ. ದುರ್ಬಲ ಅಸಿಟಿಕ್ ಆಮ್ಲ ಸವರಿದಾಗ ಸ್ವಲ್ಪ ಉರಿಯಬಹುದು. ಅಸಹಜ ಕೋಶಗಳಿರುವ ಜಾಗ ಆಗ ಬೆಳ್ಳಗೆ ಕಾಣುತ್ತದೆ. ಬೇಕೆನಿಸಿದರೆ ಅಕ್ಕಿಕಾಳಿನಷ್ಟು ತುಣುಕು ತೆಗೆದು ಬಯಾಪ್ಸಿಗೆ, ಅಂದರೆ ಲ್ಯಾಬಿನಲ್ಲಿ ಪರೀಕ್ಷಿಸಲು ಕಳಿಸುತ್ತಾರೆ.

ಇದುವರೆಗೆ ಲೈಂಗಿಕ ಸಂಪರ್ಕವೇ ಆಗಿಲ್ಲ. ಆದರೂ ಇದು ಬರಬಹುದಾ?

ಬರಬಹುದು. ಹಾರ್ಮೋನ್‌ಗೆ ಅದೆಲ್ಲಾ ಗೊತ್ತಿಲ್ಲ ನೋಡಿ. ನಿಮ್ಮ ಪರಿಸ್ಥಿತಿಯನ್ನು ಡಾಕ್ಟರ್‌ಗೆ ಮೊದಲೇ ಹೇಳಿ. ಸ್ಪೆಕ್ಯುಲಮ್ ಪರೀಕ್ಷೆ ಈಗಲೇ ಬೇಕಾ, ಸ್ಕ್ಯಾನಿಂಗ್‌ನಿಂದ ಶುರು ಮಾಡಬಹುದಾ ಅಂತ ಅವರು ತೀರ್ಮಾನಿಸುತ್ತಾರೆ.

ಹೋದ ವರ್ಷದ ಪ್ಯಾಪ್ ನಾರ್ಮಲ್ ಇತ್ತು. ಅಷ್ಟು ಸಾಕಲ್ವಾ?

ಸಾಲದು. ಪ್ಯಾಪ್, ಎಚ್‌ಪಿವಿ ಪರೀಕ್ಷೆಗಳು ಇರುವುದು ಏನೂ ಲಕ್ಷಣ ಇಲ್ಲದವರನ್ನು ಸೋಸಿ ನೋಡಲಿಕ್ಕೆ. ರಕ್ತ ಬರುತ್ತಿದೆ ಅಂದಮೇಲೆ ಅದು ಲಕ್ಷಣ. ಆಗ ಸರ್ವಿಕ್ಸ್ ಅನ್ನು ನೇರವಾಗಿ ನೋಡಲೇಬೇಕು. ಕಣ್ಣಿಗೆ ಅನುಮಾನ ಬರುವಂತೆ ಕಂಡರೆ ಹಳೆಯ ರಿಪೋರ್ಟ್ ನಾರ್ಮಲ್ ಇದ್ದರೂ ಮುಂದಿನ ಪರೀಕ್ಷೆಗೆ ಕಳಿಸುವುದೇ ಸರಿ. "ಪ್ಯಾಪ್ ಸರಿ ಇದೆ, ಹೋಗಿ" ಅಂತ ಒಳಗೆ ನೋಡದೆಯೇ ವಾಪಸ್ ಕಳಿಸಿದರೆ ಇನ್ನೊಬ್ಬರಿಗೆ ತೋರಿಸಿ.

ಎಕ್ಟ್ರೋಪಿಯನ್ ಅಂತ ಖಚಿತವಾಯಿತು. ಚಿಕಿತ್ಸೆ ಬೇಕೇ ಬೇಕಾ?

ಬಹಳಷ್ಟು ಜನಕ್ಕೆ ಬೇಡ. ತೊಂದರೆ ಇಲ್ಲದಿದ್ದರೆ ಮುಟ್ಟಲೇಬಾರದು, ಕೆಂಪಗಿದೆ ಅನ್ನುವುದೊಂದೇ ಆ ಪದರವನ್ನು ಸುಟ್ಟು ತೆಗೆಯಲು ಕಾರಣವಲ್ಲ. ಯೋನಿಯೊಳಗಿನ ಆಮ್ಲದ ವಾತಾವರಣಕ್ಕೆ ಸಿಕ್ಕಿ ಈ ನಾಜೂಕು ಕೋಶಗಳ ಜಾಗದಲ್ಲಿ ಕಾಲಕ್ರಮೇಣ ಗಟ್ಟಿ ಪದರ ತಾನಾಗಿಯೇ ಬೆಳೆಯುತ್ತದೆ.

ಹಾಗಾದರೆ ಯಾರಿಗೆ ಬೇಕು? ಪ್ರತಿ ಸಲ ಸೇರಿದಾಗಲೂ ರಕ್ತ ಬಂದು ಅದರಿಂದಲೇ ದೂರ ಇರುವಂತಾದವರಿಗೆ. ಡಿಸ್ಚಾರ್ಜ್ ಎಷ್ಟಿದೆಯೆಂದರೆ ದಿನವೂ ಪ್ಯಾಡ್ ಇಡಬೇಕು ಅನ್ನುವವರಿಗೆ. ತೊಂದರೆ ಎಷ್ಟಿದೆ ಅಂತ ಅಳೆಯಬೇಕಾದವರು ನೀವೇ. ನಿಮಗೆ ಸಹಿಸಬಹುದು ಅನ್ನಿಸಿದರೆ ಬಿಟ್ಟುಬಿಡುವುದೂ ಒಂದು ಸರಿಯಾದ ನಿರ್ಧಾರವೇ. ಡಾಕ್ಟರ್ ಅವಸರ ಮಾಡಿದರೆ "ಈಗ ಬೇಡ ಅಂದರೆ ಏನಾಗುತ್ತದೆ?" ಅಂತ ಕೇಳಿ. ಎಕ್ಟ್ರೋಪಿಯನ್ ಒಂದೇ ಆಗಿದ್ದರೆ ಕಾಯುವುದರಿಂದ ನಷ್ಟವಿಲ್ಲ.

ಗರ್ಭನಿರೋಧಕ ಮಾತ್ರೆ ನಿಲ್ಲಿಸಿದರೆ ಸರಿಹೋಗುತ್ತಾ?

ಈಸ್ಟ್ರೋಜನ್ ಇರುವ ಮಾತ್ರೆಯಾದರೆ ಅದನ್ನು ಬದಲಿಸಿ ನೋಡುವುದು ಸುಡುವ ಚಿಕಿತ್ಸೆಗಿಂತ ಮೊದಲ ಹೆಜ್ಜೆ. ಬರೀ ಪ್ರೊಜೆಸ್ಟೋಜನ್ ಅನ್ನುವ ಇನ್ನೊಂದು ಹಾರ್ಮೋನ್ ಇರುವ ವಿಧಾನಕ್ಕೋ, ಹಾರ್ಮೋನ್ ಇಲ್ಲದ ವಿಧಾನಕ್ಕೋ ಬದಲಾಯಿಸಿ ಕೆಲವು ತಿಂಗಳು ನೋಡಬೇಕಾಗುತ್ತದೆ. ಒಂದೇ ವಾರದಲ್ಲಿ ಫಲ ಕಾಣುವುದಿಲ್ಲ. ಬೇರೆ ವಿಧಾನ ಇಟ್ಟುಕೊಳ್ಳದೆ ಮಾತ್ರೆಯನ್ನು ದಿಢೀರ್ ಅಂತ ಬಿಡಬೇಡಿ.

ಯಾವ್ಯಾವ ಚಿಕಿತ್ಸೆ ಇದೆ?

ಎಲ್ಲದರ ಉದ್ದೇಶ ಒಂದೇ. ಹೊರಬಂದ ನಾಜೂಕು ಪದರವನ್ನು ನಾಶ ಮಾಡುವುದು, ಆ ಜಾಗದಲ್ಲಿ ಗಟ್ಟಿ ಪದರ ಬೆಳೆಯಲು ಬಿಡುವುದು.

ಸಿಲ್ವರ್ ನೈಟ್ರೇಟ್ ಇವುಗಳಲ್ಲಿ ಹಗುರವಾದದ್ದು. ತುದಿಯಲ್ಲಿ ಈ ರಾಸಾಯನಿಕ ಇರುವ ಕಡ್ಡಿಯನ್ನು ಆ ಜಾಗಕ್ಕೆ ಒತ್ತುತ್ತಾರೆ. ಕೆಲವೇ ನಿಮಿಷದ ಕೆಲಸ. ಆಮೇಲೆ ಬೂದು ಅಥವಾ ಕಪ್ಪು ಬಣ್ಣದ ಡಿಸ್ಚಾರ್ಜ್ ಬರುತ್ತದೆ, ಇದನ್ನು ಮೊದಲೇ ಹೇಳಿರದಿದ್ದರೆ ನೋಡಿ ಹೌಹಾರುವುದು ಖಂಡಿತ. ಸಣ್ಣ ಜಾಗಕ್ಕೆ ಇದು ಸಾಕಾಗುತ್ತದೆ.

ಕ್ರಯೋ ಅಂದರೆ ಹೆಪ್ಪುಗಟ್ಟಿಸುವುದು. ನೈಟ್ರಸ್ ಆಕ್ಸೈಡ್ ಅಥವಾ ಕಾರ್ಬನ್ ಡೈಆಕ್ಸೈಡ್ ಅನಿಲದಿಂದ ತಣ್ಣಗಾದ ಲೋಹದ ತುದಿಯನ್ನು ಸರ್ವಿಕ್ಸ್‌ಗೆ ತಾಗಿಸಿ ಹಿಡಿಯುತ್ತಾರೆ. 3 ನಿಮಿಷ ಹೆಪ್ಪುಗಟ್ಟಿಸಿ, 5 ನಿಮಿಷ ಕರಗಲು ಬಿಟ್ಟು, ಮತ್ತೆ 3 ನಿಮಿಷ ಹೆಪ್ಪುಗಟ್ಟಿಸುವುದು ಸಾಮಾನ್ಯ ಕ್ರಮ. ರಕ್ತ ಕಡಿಮೆ, ಆದರೆ ನೀರು ನೀರಾದ ಡಿಸ್ಚಾರ್ಜ್ ವಾರಗಟ್ಟಲೆ ಇರುತ್ತದೆ. ಇದರ ದೊಡ್ಡ ಕಿರಿಕಿರಿಯೇ ಅದು.

ಬಿಸಿಯಿಂದ ಮಾಡುವ ಚಿಕಿತ್ಸೆಯಲ್ಲಿ ಎರಡು ಬಗೆ. ಒಂದು ಕಾಟರಿ, ಅಂದರೆ ವಿದ್ಯುತ್ತಿನಿಂದ ಸುಡುವುದು. ಇನ್ನೊಂದು, 100 ಡಿಗ್ರಿ ಸೆಲ್ಸಿಯಸ್ ಅಥವಾ ಸ್ವಲ್ಪ ಹೆಚ್ಚು ಬಿಸಿಯಾದ ತುದಿಯನ್ನು ಪ್ರತಿ ಸಲ ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು ತಾಗಿಸುವುದು. ಜಾಗ ದೊಡ್ಡದಿದ್ದರೆ, ಹಗುರವಾದ ಚಿಕಿತ್ಸೆಯಿಂದ ರಕ್ತ ನಿಲ್ಲದಿದ್ದರೆ ಇವುಗಳ ಮಾತು ಬರುತ್ತದೆ.

ಯಾವುದು ಒಳ್ಳೆಯದು ಅಂತ ಕೇಳಿದರೆ, ನಿಮ್ಮ ಡಾಕ್ಟರ್‌ಗೆ ಯಾವುದು ಚೆನ್ನಾಗಿ ರೂಢಿಯಿದೆಯೋ ಅದು. ಯಾವ ವಿಧಾನ ಅನ್ನುವುದಕ್ಕಿಂತ ಅದಕ್ಕೂ ಮೊದಲಿನ ಎಚ್ಚರಿಕೆ ದೊಡ್ಡದು. ಕ್ಯಾನ್ಸರ್ ಮತ್ತು ಅದರ ಮುನ್ನಿನ ಹಂತ ಇಲ್ಲ, ಸೋಂಕು ಇಲ್ಲ, ಬಸಿರಿಲ್ಲ. ಈ ಮೂರೂ ಖಚಿತವಾಗದೆ ಸುಡಲು ಯಾರನ್ನೂ ಬಿಡಬೇಡಿ. ಸುಟ್ಟ ಮೇಲೆ ಅಲ್ಲಿ ಮೊದಲು ಏನಿತ್ತು ಅಂತ ನೋಡಲು ಏನೂ ಉಳಿದಿರುವುದಿಲ್ಲ.

ಅನಸ್ತೇಶಿಯಾ ಕೊಡುತ್ತಾರಾ?

ಹೆಚ್ಚಾಗಿ ಪೂರ್ತಿ ಮಲಗಿಸುವುದಿಲ್ಲ. ಸಿಲ್ವರ್ ನೈಟ್ರೇಟ್, ಕ್ರಯೋಗೆ ಏನೂ ಬೇಕಾಗದೆ ಇರಬಹುದು. ಬಿಸಿ ಚಿಕಿತ್ಸೆಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡಬಹುದು. ಮುಟ್ಟಿನ ಹೊಟ್ಟೆನೋವಿನಂಥ ಸೆಳೆತ ಬರುತ್ತದೆ. ಕೆಲವರಿಗೆ ತಲೆ ಸುತ್ತುತ್ತದೆ, ಅದಕ್ಕೇ ಮುಗಿದ ಕೂಡಲೇ ಎದ್ದು ಓಡಬೇಡಿ. ಅದೇ ದಿನ ಮನೆಗೆ ಹೋಗಬಹುದು. ಮುಟ್ಟು ಮುಗಿದ ಕೆಲವೇ ದಿನಗಳಲ್ಲಿ ಮಾಡಿಸಿದರೆ ಮುಂದಿನ ಮುಟ್ಟಿನ ಹೊತ್ತಿಗೆ ಗಾಯ ಒಂದಷ್ಟು ಮಾಗಿರುತ್ತದೆ.

ಮನೆಗೆ ಬಂದ ಮೇಲೆ ಹೇಗಿರುತ್ತದೆ?

ಮೊದಲ ಕೆಲವು ವಾರ ಡಿಸ್ಚಾರ್ಜ್, ನಡುನಡುವೆ ಸ್ವಲ್ಪ ರಕ್ತ. ಪ್ಯಾಡ್ ಇಡಿ, ಟ್ಯಾಂಪೂನ್ ಅಥವಾ ಮೆನ್‌ಸ್ಟ್ರುವಲ್ ಕಪ್ ಬೇಡ. ಸುಮಾರು ನಾಲ್ಕು ವಾರ ಲೈಂಗಿಕ ಸಂಪರ್ಕ ಬೇಡ, ಈಜುವುದೂ ಬೇಡ. ಸಿಲ್ವರ್ ನೈಟ್ರೇಟ್ ಆದರೆ ಇನ್ನೂ ಬೇಗ ಬಿಡಬಹುದು, ನಿಮ್ಮ ಡಾಕ್ಟರ್ ಹೇಳಿದ ಅವಧಿ ಪಾಲಿಸಿ. ಸ್ನಾನ, ಮನೆಕೆಲಸ, ಆಫೀಸು ಎಲ್ಲಾ ಮಾಡಬಹುದು.

ಮುಟ್ಟಿಗಿಂತ ಜಾಸ್ತಿ ರಕ್ತ, ಕೆಟ್ಟ ವಾಸನೆ, ಜ್ವರ, ದಿನೇದಿನೇ ಹೆಚ್ಚುವ ನೋವು ಇದ್ದರೆ ವಾಪಸ್ ಹೋಗಿ. ಅದು ಸೋಂಕು ಇರಬಹುದು.

ಮತ್ತೆ ಬರುತ್ತದೆಯಾ?

ಬರಬಹುದು, ವಿಶೇಷವಾಗಿ ಹಾರ್ಮೋನ್ ಪರಿಸ್ಥಿತಿ ಹಾಗೇ ಇದ್ದರೆ. ಆಗ ಚಿಕಿತ್ಸೆಯನ್ನು ಮತ್ತೊಮ್ಮೆ ಮಾಡಬಹುದು.

ಮುಂದೆ ಕ್ಯಾನ್ಸರ್ ಆಗಿ ತಿರುಗುತ್ತಾ?

ಎಕ್ಟ್ರೋಪಿಯನ್ ಕ್ಯಾನ್ಸರ್ ಆಗುವುದಿಲ್ಲ. ಸರ್ವಿಕ್ಸ್ ಕ್ಯಾನ್ಸರ್‌ಗೆ ಬಹುತೇಕ ಎಲ್ಲಾ ಪ್ರಕರಣಗಳಲ್ಲಿ ಕಾರಣ ಎಚ್‌ಪಿವಿ ವೈರಸ್‌ನ ಕೆಲವು ಬಗೆಗಳು ವರ್ಷಗಟ್ಟಲೆ ದೇಹದಲ್ಲಿ ಉಳಿದುಬಿಡುವುದು. ಅದನ್ನು ಕಂಡುಹಿಡಿದಿದ್ದಕ್ಕೆ ಜರ್ಮನ್ ವಿಜ್ಞಾನಿ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಎಕ್ಟ್ರೋಪಿಯನ್ ಇದ್ದರೂ ಇಲ್ಲದಿದ್ದರೂ, ಸುಡಿಸಿದ್ದರೂ ಬಿಟ್ಟಿದ್ದರೂ, ಸ್ಕ್ರೀನಿಂಗ್ ತಪ್ಪಿಸಬೇಡಿ. 30 ದಾಟಿದವರು 5ರಿಂದ 10 ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ ಮಾಡಿಸಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಮಕ್ಕಳಾಗಲು ತೊಂದರೆ ಆಗುತ್ತಾ?

ಎಕ್ಟ್ರೋಪಿಯನ್‌ನಿಂದ ಬಂಜೆತನ ಬರುವುದಿಲ್ಲ. ಚಿಕಿತ್ಸೆಯಿಂದ ಸರ್ವಿಕ್ಸ್‌ನ ಬಾಯಿ ಕಿರಿದಾಗುವ ಸಾಧ್ಯತೆ ಅಪರೂಪಕ್ಕೆ ಇದೆ. ಅದಕ್ಕೇ, ಸದ್ಯದಲ್ಲೇ ಮಗು ಬೇಕು ಅಂತಿದ್ದು ತೊಂದರೆಯೂ ಅಷ್ಟಕ್ಕಷ್ಟೇ ಆಗಿದ್ದರೆ ಚಿಕಿತ್ಸೆ ಮುಂದೂಡುವುದು ಜಾಣತನ ಅನ್ನಿಸುತ್ತದೆ.

ನಾನು ಬಸಿರಿ. ರಕ್ತ ಕಾಣಿಸಿತು. ಎಕ್ಟ್ರೋಪಿಯನ್ ಇದೆ ಅಂತ ಮೊದಲೇ ಗೊತ್ತು. ಕಾಯಲಾ?

ಕಾಯಬೇಡಿ. ಬಸಿರಿನಲ್ಲಿ ಎಕ್ಟ್ರೋಪಿಯನ್‌ನಿಂದ ರಕ್ತ ಬರುವುದು ಸಾಮಾನ್ಯವೇ, ಅದರಿಂದ ಮಗುವಿಗೆ ತೊಂದರೆಯಿಲ್ಲ. ಆದರೆ ಗರ್ಭಪಾತ, ಗರ್ಭನಾಳದಲ್ಲಿ ನಿಂತ ಬಸಿರು, ಕೆಳಗಿರುವ ಮಾಸು, ಇವೂ ರಕ್ತದಿಂದಲೇ ಶುರುವಾಗುತ್ತವೆ. ಮಾಸು ಎಲ್ಲಿದೆ ಅಂತ ಸ್ಕ್ಯಾನ್‌ನಲ್ಲಿ ನೋಡಿದ ಮೇಲೆಯೇ ಕೈಯಿಂದ ಒಳಪರೀಕ್ಷೆ ಮಾಡುವ ಮಾತು. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ಹೇಳಿ, ಮಗುವಿನ ರಕ್ತದ ವಿರುದ್ಧ ನಿಮ್ಮ ದೇಹ ತಿರುಗಿಬೀಳದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು. ಎಕ್ಟ್ರೋಪಿಯನ್ ಸುಡುವುದನ್ನು ಬಸಿರಿನಲ್ಲಿ ಮಾಡುವುದಿಲ್ಲ. ಹೆರಿಗೆಯಾದ ಕೆಲವು ತಿಂಗಳಲ್ಲಿ ಅದು ತಾನಾಗಿಯೇ ಕುಗ್ಗುವುದುಂಟು.

ಆಂಟಿಬಯಾಟಿಕ್, ವೆಜೈನಲ್ ವಾಶ್, ಮನೆಮದ್ದು?

ಪರೀಕ್ಷೆಯಲ್ಲಿ ಸೋಂಕು ಕಂಡರೆ ಆಂಟಿಬಯಾಟಿಕ್, ಇಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ. ತೊಳೆಯುವ ದ್ರವಗಳು ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಓಡಿಸುತ್ತವೆ. ಯೋನಿಯೊಳಗೆ ಯಾವ ಲೇಪ, ಸೊಪ್ಪು, ಎಣ್ಣೆಯನ್ನೂ ಇಡಬೇಡಿ.

ಇದಕ್ಕೆ ಗರ್ಭಕೋಶವನ್ನೇ ತೆಗೆಸಬೇಕು ಅಂದರು.

ಎಕ್ಟ್ರೋಪಿಯನ್ ಒಂದಕ್ಕೇ ಗರ್ಭಕೋಶ ತೆಗೆಯುವುದಿಲ್ಲ. ಬೇರೆ ಕಾರಣ ಇದೆಯಾ, ಇದ್ದರೆ ಯಾವುದು, ಯಾವ ರಿಪೋರ್ಟಿನಲ್ಲಿ ಇದೆ ಅಂತ ಕೇಳಿ. ರಿಪೋರ್ಟುಗಳ ಪ್ರತಿ ತಗೊಂಡು ಇನ್ನೊಬ್ಬ ತಜ್ಞರಿಗೆ ತೋರಿಸದೆ ಸಹಿ ಹಾಕಬೇಡಿ.

ನನಗೆ ಎಕ್ಟ್ರೋಪಿಯನ್ ಅಲ್ಲ, ಪಾಲಿಪ್ ಅಂದರು. ಅದೂ ಇದೇ ಥರಾನಾ?

ಅದು ಕಾಲುವೆಯಿಂದ ಇಳಿದು ಬಂದ ಮೆತ್ತನೆಯ ಸಣ್ಣ ಗಡ್ಡೆ. ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ತೊಟ್ಟು ತೆಳ್ಳಗಿದ್ದರೆ ಇಕ್ಕಳದಲ್ಲಿ ಹಿಡಿದು ತಿರುಚಿ ಅಲ್ಲೇ ತೆಗೆಯುತ್ತಾರೆ. ತೆಗೆದದ್ದನ್ನು ಲ್ಯಾಬಿಗೆ ಕಳಿಸಿದರಾ ಅಂತ ಕೇಳಿ.

ಮುಟ್ಟು ನಿಂತು ವರ್ಷಗಳಾಯಿತು. ಈಗ ರಕ್ತ ಕಂಡಿದೆ.

ಒಂದೇ ಹನಿಯಾದರೂ ತೋರಿಸಲೇಬೇಕು. ಈ ವಯಸ್ಸಿನಲ್ಲಿ ಒಳಪದರ ಕಾಲುವೆಯೊಳಗೆ ಸರಿದುಹೋಗಿರುತ್ತದೆ, ಹಾಗಾಗಿ ಎಕ್ಟ್ರೋಪಿಯನ್ ಕಾರಣವಾಗುವುದು ಕಡಿಮೆ. ಸ್ಕ್ಯಾನ್ ಮಾಡಿ ಗರ್ಭಕೋಶದ ಒಳಪದರದ ದಪ್ಪ ನೋಡುತ್ತಾರೆ, ಬೇಕಾದರೆ ಅಲ್ಲಿಂದ ಬಯಾಪ್ಸಿ ತೆಗೆಯುತ್ತಾರೆ.

ನನ್ನಿಂದ ಸಂಗಾತಿಗೆ ಹರಡುತ್ತದಾ?

ಇದು ಸೋಂಕಲ್ಲ, ಹರಡುವುದಿಲ್ಲ. ಸ್ವಾಬ್‌ನಲ್ಲಿ ಕ್ಲಮಿಡಿಯಾದಂಥದ್ದು ಸಿಕ್ಕರೆ ಮಾತ್ರ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಬೇಕು.

ಚಿಕಿತ್ಸೆ ಮುಗಿದು ಮೂರು ತಿಂಗಳಾಯಿತು. ರಕ್ತ ನಿಂತಿಲ್ಲ.

ಹಾಗಾದರೆ ರಕ್ತ ಅಲ್ಲಿಂದ ಬರುತ್ತಿಲ್ಲದೆಯೂ ಇರಬಹುದು. ಅದೇ ಜಾಗವನ್ನು ಮತ್ತೆ ಸುಡಿಸುವ ಮುಂಚೆ ಮೊದಲಿನಿಂದ ನೋಡಿಸಿ. ಸ್ವಾಬ್ ಮತ್ತೆ ಆಗಲಿ, ಕಾಲ್ಪೊಸ್ಕೋಪಿ ಆಗಿಲ್ಲದಿದ್ದರೆ ಅದೂ ಆಗಲಿ, ಗರ್ಭಕೋಶದ ಒಳಗೆ ಪಾಲಿಪ್ ಇದೆಯಾ ಅಂತ ಸ್ಕ್ಯಾನ್ ಆಗಲಿ. ಹಳೆಯ ರಿಪೋರ್ಟು, ಯಾವ ದಿನ ಯಾವ ಚಿಕಿತ್ಸೆ ಆಯಿತು ಅನ್ನುವ ಚೀಟಿ, ಎರಡನ್ನೂ ಜೊತೆಗೆ ತಗೊಂಡು ಹೋಗಿ.